ಅಭಿಮಾನವೂ ಆರೋಗ್ಯವೂ

ಕಲಾವಿದರನ್ನು ಮೆಚ್ಚುವುದು ಮನುಷ್ಯಸಹಜವಾದ ಗುಣ. ಅದರಲ್ಲಿಯೂ ತಾಯ್ನಾಡಿನಿಂದ ದೂರ ಬಂದು ನೆಲೆಸಿದವರಿಗೆ ತಮ್ಮ ನುಡಿಯ ನಟನು ಬರಿಯ ನಟನಲ್ಲ; ಮನೆಯ ಹಿರಿಯನೋ ಮಗನೋ ಆಗಿಬಿಡುತ್ತಾನೆ. ಪಿಂಪರಿ, ಆಕುರ್ಡಿ, ಚಿಂಚವಾಡಗಳ ಕಾರ್ಖಾನೆಗಳನ್ನು ನಂಬಿ ಬಂದು ನಿಗಡಿಯ ಪ್ರಾಧಿಕರಣದಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಹಿಂದೆ ಕನ್ನಡ ಚಿತ್ರವೊಂದನ್ನು ನೋಡುವುದೇ ಅಪರೂಪದ ಸಂಗತಿಯಾಗಿತ್ತು. ಇಂದು ಅದೇ ನಟನು ಅಂಗೈಯಗಲದ ಫೋನಿನಲ್ಲಿ ದಿನಕ್ಕೆ ಹತ್ತು ಸಲ ದರ್ಶನ ಕೊಡುತ್ತಾನೆ. ಆತನು ಏನು ಉಂಡ, ಎಲ್ಲಿಗೆ ಹೋದ, ಯಾವ ವ್ಯಾಯಾಮ ಮಾಡಿದ ಎಂಬುದೆಲ್ಲ ಎಲ್ಲರಿಗೂ ಗೊತ್ತು. ತಮ್ಮ ರಕ್ತದೊತ್ತಡ ಎಷ್ಟೆಂಬುದು ಮಾತ್ರ ಅನೇಕರಿಗೆ ಗೊತ್ತಿರುವುದಿಲ್ಲ.

ಫೋನು ಬಂದುದರಿಂದಲೇ ಈ ಅತಿರೇಕ ಹುಟ್ಟಿತೆನ್ನುವುದು ಸರಿಯಲ್ಲ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಸಾಮಾಜಿಕ ಜಾಲತಾಣಗಳ ಹಾವಳಿ ಇರಲಿಲ್ಲ. ಆದರೂ ಬೆಂಗಳೂರಿನಲ್ಲಿ ಗಲಭೆಯೆದ್ದು, ಪೊಲೀಸ್ ಪೇದೆಯೊಬ್ಬರೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಪುತ್ರ ಪುನೀತ್ 46ನೆಯ ವಯಸ್ಸಿನಲ್ಲಿ ಹೃದಯ ಸಂಬಂಧದ ಆಘಾತದಿಂದ ಹಠಾತ್ತನೆ ನಿಧನರಾದಾಗಲಾದರೋ, ಲಕ್ಷಾಂತರ ಜನರು ಕಂಠೀರವ ಕ್ರೀಡಾಂಗಣದಲ್ಲಿ ಸಾಲುಗಟ್ಟಿ ನಿಂತು ಅಂತಿಮ ದರ್ಶನ ಪಡೆದರು. ಬೀದಿ ಬಹುಮಟ್ಟಿಗೆ ಶಾಂತವಾಗಿತ್ತು. ಕಳವಳವೆಲ್ಲ ಫೋನಿನೊಳಗಿತ್ತು.

ಅಂದು ಬೆಳಗ್ಗೆ ಅವರು ವ್ಯಾಯಾಮ ಮಾಡಿದ್ದರೆಂಬ ಒಂದೇ ಸಂಗತಿಯನ್ನು ಹಿಡಿದು, ವ್ಯಾಯಾಮವೇ ಕೊಂದಿತೆಂಬ ತೀರ್ಪು ವಾಟ್ಸಾಪಿನಲ್ಲಿ ಹರಡಿತು. ಕುಟುಂಬ ವೈದ್ಯರ ಮೇಲೆಯೂ ಆರೋಪಗಳು ಬಂದು, ಅವರ ಮನೆಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಹೃದಯ ತಪಾಸಣೆಗಾಗಿ ಜನಜಂಗುಳಿ ಸೇರಿತು. ಬಂದವರಲ್ಲಿ ಯಾವ ತೊಂದರೆಯೂ ಇಲ್ಲದೆ ಕೇವಲ ಭಯದಿಂದ ಬಂದ ತರುಣರು ಅನೇಕರಿದ್ದರು. ಭಯವು ಒಬ್ಬನನ್ನು ಒಂದು ಸಲ ತಪಾಸಣೆಗೆ ಕರೆದುಕೊಂಡು ಹೋಗಬಲ್ಲದು. ಬೀಡಿ ಸಿಗರೇಟು ಬಿಡಿಸುವುದು ಅದರಿಂದ ಆಗದ ಕೆಲಸ.

ವೈದ್ಯಶಾಸ್ತ್ರದ ಮಾತು ಬೇರೆ. ಮಿತವಾದ ನಿತ್ಯದ ವ್ಯಾಯಾಮ ಹೃದಯಕ್ಕೆ ಹಿತಕರವೇ. ಆದರೆ ಮನೆತನದಲ್ಲಿ ಹೃದ್ರೋಗವಿರುವವರು, ಮಧುಮೇಹ ಅಥವಾ ರಕ್ತದೊತ್ತಡ ಉಳ್ಳವರು, ಧೂಮಪಾನಿಗಳು, ನಲವತ್ತು ದಾಟಿದ ಮೇಲೆ ಭಾರ ಎತ್ತಲು ಹೊರಟವರು ಮೊದಲು ವೈದ್ಯರನ್ನು ಕಾಣತಕ್ಕದ್ದು. ಎದೆಯಲ್ಲಿ ಬಿಗಿತ, ತಣ್ಣನೆಯ ಬೆವರು, ಎಡತೋಳಿಗೋ ದವಡೆಗೋ ಹರಿಯುವ ನೋವು, ಉಬ್ಬಸ ಇವುಗಳಲ್ಲಿ ಯಾವುದು ಕಂಡರೂ ವಾಯುವೆಂದು ಬಗೆದು ಜೀರಿಗೆ ಕಷಾಯ ಕುಡಿದು ಮಲಗಬಾರದು; ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೆ ಹೋಗಬೇಕು. 108ರ ಆಂಬುಲೆನ್ಸ್ ಕರ್ನಾಟಕದಲ್ಲಿರುವಂತೆ ಮಹಾರಾಷ್ಟ್ರದಲ್ಲಿಯೂ ಇದೆ. ಪುನೀತ್ ಹೆಸರಿನಲ್ಲಿಯೇ 2023ರಲ್ಲಿ ಕರ್ನಾಟಕ ಸರ್ಕಾರವು ಆರಂಭಿಸಿದ ಹೃದಯಜ್ಯೋತಿ ಯೋಜನೆಯ ತಿರುಳೂ ಈ ಸಮಯದ ಉಳಿತಾಯವೇ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಪರಿಶೀಲಿಸುತ್ತಾರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಗತ್ಯವಿದ್ದವರಿಗೆ ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ.

ಜನಸಂದಣಿಯ ಅಪಾಯವನ್ನೂ ಇಲ್ಲಿ ಹೇಳಬೇಕು. 2024ರ ಜನವರಿ 8ರಂದು ನಟ ಯಶ್ ಅವರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. 2025ರ ಜೂನ್ 4ರಂದು, ಬೆಂಗಳೂರಿನ ಕ್ರಿಕೆಟ್ ತಂಡದ ವಿಜಯೋತ್ಸವದ ಕರೆಯನ್ನು ಜಾಲತಾಣದಲ್ಲಿ ಕಂಡು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಧಾವಿಸಿದವರ ನೂಕುನುಗ್ಗಲಿನಲ್ಲಿ 11 ಮಂದಿ ಮಡಿದರು. ಇಂಥ ಕಡೆ ಎಲ್ಲರೂ ಕಾಲ್ತುಳಿತದಿಂದಲೇ ಸಾಯುವುದಿಲ್ಲ. ನಾಲ್ಕೂ ಕಡೆಯಿಂದ ಒತ್ತಡ ಬಿದ್ದು ಎದೆಗೂಡು ಹಿಗ್ಗಲಾರದೆ, ನಿಂತಲ್ಲಿಯೇ ಉಸಿರು ಕಟ್ಟುತ್ತದೆ. ಸಿಕ್ಕಿಕೊಂಡವರು ಎರಡು ಕೈಗಳನ್ನೂ ಎದೆಯ ಮುಂದೆ ಅಡ್ಡವಾಗಿ ಹಿಡಿದು ಉಸಿರಾಡಲು ತೆರಪು ಮಾಡಿಕೊಳ್ಳಬೇಕು. ಬಿದ್ದ ಚಪ್ಪಲಿಗೆ ಬಗ್ಗಬಾರದು.

ಇನ್ನು ಅಭಿಮಾನದ ಒಳ್ಳೆಯ ಮುಖ. 1994ರಲ್ಲಿ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಭಂಡಾರ ಆರಂಭವಾದಾಗ ರಾಜ್ ತಮ್ಮ ಕಣ್ಣುಗಳನ್ನು ದಾನ ಮಾಡುವುದಾಗಿ ಮಾತು ಕೊಟ್ಟಿದ್ದರು. 2006ರಲ್ಲಿ ಅದು ನೆರವೇರಿತು. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳೂ, 2021ರಲ್ಲಿ ಪುನೀತ್ ಕಣ್ಣುಗಳೂ ಅಲ್ಲಿಗೇ ಸಂದವು. ಕಾರ್ನಿಯಾ ಎಂಬ ಪಾರದರ್ಶಕ ಪಟಲವನ್ನು ವೈದ್ಯರು ಮೇಲ್ಪದರ, ಒಳಪದರಗಳೆಂದು ಬೇರ್ಪಡಿಸಿ ಜೋಡಿಸಿದುದರಿಂದ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಅದನ್ನು ಕೇಳಿ ಸಾವಿರಾರು ಜನರು ನೇತ್ರದಾನದ ಪತ್ರ ತುಂಬಿದರು. ಇದರಲ್ಲಿಯೂ ಅತಿರೇಕ ತಪ್ಪಲಿಲ್ಲ: ನಟನನ್ನು ಹಿಂಬಾಲಿಸಿ ಜೀವ ಕಳೆದುಕೊಂಡವರ ವಾರ್ತೆಗಳು ಬಂದು, ದುಃಖದಲ್ಲಿದ್ದ ಆ ಕುಟುಂಬದವರೇ ಹಾಗೆ ಮಾಡಬೇಡಿರೆಂದು ಬೇಡಿಕೊಳ್ಳಬೇಕಾಯಿತು. ಅಂಥ ಯೋಚನೆ ಸುಳಿದವರು ಒಂಟಿಯಾಗಿ ಕುಳಿತು ಫೋನು ನೋಡುವುದನ್ನು ಬಿಟ್ಟು ಆಪ್ತರೊಡನೆಯೂ ವೈದ್ಯರೊಡನೆಯೂ ಮಾತನಾಡಬೇಕು.

ಪತ್ರ ತುಂಬಿದ ಮಾತ್ರಕ್ಕೆ ದಾನ ಮುಗಿಯಿತೆಂದು ತಿಳಿಯುವವರು ಬಹಳ. ಬೆಂಗಳೂರಿನಲ್ಲಿ ಪತ್ರ ಬರೆದುಕೊಟ್ಟ ನಿಗಡಿಯ ನಿವಾಸಿಯು ನಿಗಡಿಯಲ್ಲಿಯೇ ತೀರಿಕೊಂಡರೆ, ಮನೆಯವರು ತಿಳಿಸಬೇಕಾದುದು ಹತ್ತಿರದ ನೇತ್ರ ಭಂಡಾರಕ್ಕೆ. ಪತ್ರವೇ ಇರದಿದ್ದರೂ ಮನೆಯವರ ಒಪ್ಪಿಗೆ ಸಾಕು. ಸುಮಾರು ಆರು ಗಂಟೆಗಳೊಳಗೆ ಕೆಲಸವಾಗಬೇಕು. ಅಲ್ಲಿಯ ತನಕ ಮೃತರ ರೆಪ್ಪೆಗಳನ್ನು ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ಫ್ಯಾನು ನಿಲ್ಲಿಸಬೇಕು, ತಲೆಯ ಕೆಳಗೆ ದಿಂಬು ಕೊಡಬೇಕು. ಕನ್ನಡಕ ಹಾಕುತ್ತಿದ್ದರೆ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ಮಧುಮೇಹವಿದ್ದರೆ ದಾನಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ವಯಸ್ಸೂ ಅಡ್ಡಿಯಲ್ಲ. ಅರ್ಧ ಗಂಟೆಯೊಳಗೆ ಮುಗಿಯುವ ಈ ಕಾರ್ಯದಿಂದ ಮುಖ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಯೂ ತಡವಾಗುವುದಿಲ್ಲ. ದಾನಿಯ ಮನೆಯವರಿಗೆ ಕಣ್ಣು ಪಡೆದವರ ಹೆಸರು ಹೇಳುವ ಪದ್ಧತಿಯಿಲ್ಲ. ಪುನೀತ್ ಕಣ್ಣುಗಳಿಂದ ನೋಡುತ್ತಿರುವ ಆ ನಾಲ್ವರು ಯಾರೆಂಬುದನ್ನೂ ಆಸ್ಪತ್ರೆಯು ಹೊರಗೆಡಹಲಿಲ್ಲ.