ಶಾಸನಪಾಠದಿಂದ ಅಪೇಕ್ಷಿತಾಂಶವನ್ನು ಆರಿಸುವ ಕ್ರಮ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ೧೮೯೪ರಲ್ಲಿ ಬಿ. ಎಲ್. ರೈಸರಿಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಲ್ಪಟ್ಟುವು. ಪ್ರತಿ ತಾಲ್ಲೂಕಿಗೂ ಬೇರೆ ಸಂಖ್ಯಾಕ್ರಮವಿರುವುದರಿಂದ ತಾಲ್ಲೂಕಿನ ಹೆಸರನ್ನೂ ಸಂಖ್ಯೆಯನ್ನೂ ಹೇಳಿದ ಮಾತ್ರಕ್ಕೆ ಬೇಕಾದ ಶಾಸನವು ದೊರೆಯುವುದು. ಶಾಸನದೊಳಗಣ ಬೇಕಾದ ಮಾತಷ್ಟೇ ದೊರೆಯಬೇಕಾದರೆ ಅಷ್ಟು ಸಾಲದು. ಯಾವುದೇ ಶಾಸನದ ಸಂಪಾದಿತ ಪಾಠದಲ್ಲಿ ಶಿಲೆಯ ಮೇಲಣ ಅಕ್ಷರ, ಸವೆದೆಡೆಯಲ್ಲಿ ಸಂಪಾದಕನು ಊಹಿಸಿ ತುಂಬಿದ ಅಕ್ಷರ, ಅವನ ಟಿಪ್ಪಣಿ, ಇವು ಒಂದೇ ಪುಟದಲ್ಲಿ ಬೆರೆತಿರಬಹುದು. ೞಕಾರವು ಳಕಾರವಾದ ಕಾಲವನ್ನು ನಿರ್ಣಯಿಸಲು ಹೊರಟ ವೈಯಾಕರಣನು ತುಂಬಿದ ೞಕಾರವನ್ನೂ ಶಿಲೆಯದೆಂದೇ ಎಣಿಸಿದರೆ ನಿರ್ಣಯವೇ ಕೆಡುವುದು.

೧೯೯೮ರಲ್ಲಿ ಪ್ರಮಾಣೀಕೃತವಾದ ಎಕ್ಸ್‌ಎಂಎಲ್ ಎಂಬ ಗಣಕಲೇಖನ ಪದ್ಧತಿಯಲ್ಲಿ ಪ್ರತಿಯೊಂದು ಅಂಶವನ್ನೂ ಹೆಸರುಳ್ಳ ಗುರುತುಗಳ ನಡುವೆ ಇಡುವರು. ಇದನ್ನು ಶಾಸನಗಳಿಗೆ ಅಳವಡಿಸಿದ ಎಪಿಡಾಕ್ ಸಂಪ್ರದಾಯದಲ್ಲಿ ತುಂಬಿದ ಅಕ್ಷರಕ್ಕೆ ‘ಸಪ್ಲೈಡ್’, ವ್ಯಕ್ತಿನಾಮಕ್ಕೆ ‘ಪರ್ಸ್‌ನೇಮ್’, ಟಿಪ್ಪಣಿಗೆ ‘ನೋಟ್’ ಎಂದು ಹೆಸರು. ಹೀಗೆ ಗುರುತಿಸಿದ ಪಾಠದಿಂದ ಬೇಕಾದುದನ್ನು ಎತ್ತಿಕೊಡುವ ನಿಯಮಭಾಷೆಯೇ ೧೯೯೯ರಲ್ಲಿ ಸಿದ್ಧವಾದ ಎಕ್ಸ್‌ಎಸ್‌ಎಲ್‌ಟಿ.

ನರಸೀಪುರದ ಸೀಮೆಯ ದೊಡ್ಡಹುಂಡಿಯಲ್ಲಿ ದೊರೆತ, ಗಂಗದೊರೆ ನೀತಿಮಾರ್ಗನ ಮರಣವನ್ನು ಹೇಳುವ ಒಂಬತ್ತನೆಯ ಶತಮಾನದ ನಿಷಿಧಿಶಾಸನವನ್ನು ಈ ಕ್ರಮದಲ್ಲಿ ಬರೆದಿಟ್ಟಿದೆಯೆಂದು ಭಾವಿಸೋಣ. ವ್ಯಕ್ತಿನಾಮಗಳಷ್ಟೇ ಬೇಕೆಂದು ‘ಪರ್ಸ್‌ನೇಮ್’ಗೆ ಮಾತ್ರ ನಿಯಮವನ್ನು ಬರೆದವನಿಗೆ ಹೆಸರುಗಳೊಡನೆ ಶಾಸನವೆಲ್ಲವೂ, ಟಿಪ್ಪಣಿಯೂ ಬಂದು ಬೀಳುವುವು. ನಿಯಮ ಹೇಳದ ಅಂಶದ ಒಳಹೊಕ್ಕು, ಕಂಡ ಪಾಠವನ್ನೆಲ್ಲ ಹೊರಡಿಸಬೇಕೆಂಬುದು ಆ ಭಾಷೆಯ ಅಂತರ್ಗತ ವಿಧಿ. ಪಾಣಿನೀಯವನ್ನು ಬಲ್ಲವರಿಗೆ ಇದು ಹೊಸದಲ್ಲ: ಅಂತರ್ಗತ ವಿಧಿಯು ಉತ್ಸರ್ಗ, ಬಳಸುವವನು ಬರೆದುದು ಅಪವಾದ, ಏನನ್ನೂ ಹೊರಡಿಸದ ಬರಿದಾದ ನಿಯಮವು ಲೋಪ. ತುಲ್ಯಬಲದ ಎರಡು ನಿಯಮಗಳು ಒಂದೆಡೆ ಕೂಡಿದಾಗ ದೋಷವೆಂದು ಸಾರದಿದ್ದರೆ ಹಿಂದಣದನ್ನು ಬಿಟ್ಟು ಪರವಾದುದನ್ನು ಹಿಡಿಯಬೇಕೆಂಬ ಮಾತು ೧೯೯೯ರ ಪ್ರಮಾಣಗ್ರಂಥದಲ್ಲಿಯೂ ಇರುವುದು ವಿನೋದಕರವಾಗಿದೆ. ಆದಕಾರಣ ಶಿಲೆಯ ಪಾಠವಷ್ಟೇ ಬೇಕಾದವನು ‘ಸಪ್ಲೈಡ್’, ‘ನೋಟ್’ ಎರಡಕ್ಕೂ ಲೋಪವನ್ನು ವಿಧಿಸಿ ಉಳಿದುದನ್ನು ಉತ್ಸರ್ಗಕ್ಕೆ ಬಿಡತಕ್ಕದ್ದು.

ಹೆಸರುಗಳನ್ನು ಮಾತ್ರ ಆರಿಸುವುದು ಇದಕ್ಕಿಂತ ಸೂಕ್ಷ್ಮವಾದುದು. ‘ವ್ಯಾಲ್ಯೂ-ಆಫ್’ ಎಂಬ ಆಜ್ಞೆಯಿಂದ ಹೆಸರನ್ನು ಕೇಳಿದರೆ ಅದರೊಳಗೆ ಎಷ್ಟು ಆಳದಲ್ಲಿರುವ ಅಕ್ಷರವಾದರೂ ಕೂಡಿಬರುವುದು. ಅರ್ಧ ಸವೆದ ಹೆಸರು ತುಂಬಿದ ಅಕ್ಷರಗಳೊಡನೆ ಪೂರ್ಣವಾಗಿ ತೋರಿ ಓದುಗನನ್ನು ವಂಚಿಸುವುದು. ‘ಟೆಕ್ಸ್ಟ್’ ಎಂದಷ್ಟೇ ಕೇಳಿದರೆ ನೇರವಾದ ಮಕ್ಕಳು ದೊರೆವರೇ ಹೊರತು ಮೊಮ್ಮಕ್ಕಳು ದೊರೆಯರು. ಹೆಸರಿನ ಸಂತತಿಯಲ್ಲಿರುವ ಪಾಠಗಳನ್ನೆಲ್ಲ ತೆಗೆದುಕೊಂಡು, ಪೂರ್ವಜರಲ್ಲಿ ‘ಸಪ್ಲೈಡ್’ ಇಲ್ಲದವನ್ನು ಮಾತ್ರ ಉಳಿಸಿಕೊಳ್ಳುವುದೇ ಸರಿಯಾದ ಮಾರ್ಗ. ಆಗಲೂ ೧೯೯೯ರ ಆವೃತ್ತಿಯಲ್ಲಿ ‘ವ್ಯಾಲ್ಯೂ-ಆಫ್’ ಮೊದಲನೆಯ ತುಣುಕನ್ನಷ್ಟೇ ಕೊಡುವುದು. ಎಲ್ಲವನ್ನೂ ಕೊಡುವುದು ೨೦೦೭ರ ಎರಡನೆಯ ಆವೃತ್ತಿಯಿಂದೀಚೆಗೆ. ನಂಜನಗೂಡಿನವು ಮಾತ್ರ ಬೇಕಾದರೆ, ಪ್ರತಿ ಶಾಸನಕ್ಕೂ ಬರೆದಿಟ್ಟ ತಾಲ್ಲೂಕಿನ ಹೆಸರನ್ನು ಚೌಕ ಆವರಣದೊಳಗೆ ವಿಶೇಷಣವಾಗಿ ಸೇರಿಸಿದರಾಯಿತು.

ಎಲ್ಲವೂ ಸರಿಯಿದ್ದು ಏನೂ ದೊರೆಯದಿದ್ದರೆ ನಾಮಾವಕಾಶವನ್ನು ಪರೀಕ್ಷಿಸಬೇಕು. ಹೆಸರೊಂದೇ ಆದರೂ ಗೋತ್ರ ಬೇರೆಯಾದ ಅಂಶವನ್ನು ಈ ಭಾಷೆಯು ಬೇರೆಯೆಂದೇ ಎಣಿಸುವುದು. ಎಪಿಡಾಕ್ ಗುರುತುಗಳ ಗೋತ್ರವನ್ನು ನಿಯಮಪತ್ರದಲ್ಲಿಯೂ ಸಾರಿರಬೇಕು.

ಮಸುಕಾಗಿದ್ದರೂ ಕಣ್ಣಿಗೆ ಕಾಣುವ ಅಕ್ಷರಕ್ಕೆ ‘ಅನ್‌ಕ್ಲಿಯರ್’ ಎಂಬ ಬೇರೆ ಗುರುತಿದೆ. ಅದು ಶಿಲೆಯದೇ ಆದುದರಿಂದ ಲೋಪಕ್ಕೆ ಅರ್ಹವಲ್ಲ. ೞಕಾರದ ಗಣನೆಯಲ್ಲಿ ಮಾತ್ರ ಅದನ್ನು ಪ್ರತ್ಯೇಕವಾಗಿ ಎಣಿಸುವುದು ಯುಕ್ತ.