ಅಲ್ ಕೂಜ್‌ನಲ್ಲಿ ಹಾಡು ಮುದ್ರಿಸುವ ಮುನ್ನ

ದುಬೈಯಲ್ಲಿ ನೌಕರಿ, ಮನಸ್ಸೆಲ್ಲ ಹಾಡಿನಲ್ಲಿ. ಇಂಥ ಕನ್ನಡಿಗರು ನಮ್ಮ ನಡುವೆ ಬಹಳ ಮಂದಿ. ರಾಜ್ಯೋತ್ಸವದ ವೇದಿಕೆಯಲ್ಲಿ ನಾಲ್ಕು ವರ್ಷ ಹಾಡಿದ ಮೇಲೆ ‘ನನ್ನದೇ ಒಂದು ಆಲ್ಬಂ ಬರಲಿ’ ಅನ್ನಿಸುತ್ತದೆ. ಆಗ ಕಾರು ಅಲ್ ಕೂಜ್ ಕಡೆ ತಿರುಗುತ್ತದೆ.

ಶೇಖ್ ಜಾಯೆದ್ ರಸ್ತೆಗೂ ಅಲ್ ಖೈಲ್ ರಸ್ತೆಗೂ ನಡುವಿನ ಈ ಗೋದಾಮುಗಳ ಪ್ರದೇಶದಲ್ಲೇ ಅಲ್ಸರ್ಕಾಲ್ ಅವೆನ್ಯೂ ಎಂಬ ಕಲಾ ತಾಣ ಇದೆ, ಸ್ಟುಡಿಯೋಗಳೂ ಇವೆ. ಬಾಡಿಗೆ ಸಾಮಾನ್ಯವಾಗಿ ಗಂಟೆ ಲೆಕ್ಕ. ಅದರಲ್ಲಿ ಎಂಜಿನಿಯರ್ ಸಂಬಳ, ಮಿಕ್ಸಿಂಗ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ) ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ತಬಲಾ, ಮೃದಂಗ ಇದ್ದರೆ ಅರ್ಧ ಗಂಟೆ ಮುಂಚೆ ಹೋಗಿ. ಹೊರಗಿನ ತೇವದಿಂದ ಎಸಿ ಕೋಣೆಗೆ ಬಂದ ಚರ್ಮ ಒಣಗಿ ಬಿಗಿಯುತ್ತದೆ, ಶ್ರುತಿ ಏರುತ್ತದೆ. ನಮ್ಮ ಮೊದಲ ದಿನ ಮೂರು ಸಲ ಶ್ರುತಿ ಮಾಡುವುದರಲ್ಲೇ ಒಂದು ಗಂಟೆಯ ದುಡ್ಡು ಹೋಯಿತು.

ಹಾಡು ಯಾರದು? ಎಲ್ಲರೂ ಎಡವುವುದು ಇಲ್ಲೇ. ಭಾರತದ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು ಕವಿತೆಗಳಿಗೆ 2054ರವರೆಗೆ. ಪುರಂದರದಾಸರ ಪದ ಆದರೋ? ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ನೀವು ಹಾಡುವ ಮಟ್ಟು ಈಚಿನ ಸಂಯೋಜಕರೊಬ್ಬರದಾಗಿದ್ದರೆ ಅವರ ಹಕ್ಕು ಇದ್ದೇ ಇರುತ್ತದೆ. ಸ್ನೇಹಿತರೇ ಬರೆದು, ಸ್ನೇಹಿತರೇ ರಾಗ ಹಾಕಿದ್ದರೂ ಯಾರಿಗೆಷ್ಟು ಪಾಲು ಎಂದು ಅದೇ ದಿನ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ. ಸ್ನೇಹ ಉಳಿಯಲಿ ಎಂದೇ ಹೇಳುತ್ತಿದ್ದೇನೆ.

ಮುಂದೆ ರಾಯಲ್ಟಿ, ಅಂದರೆ ಹಾಡು ಬಳಕೆಯಾದಾಗಲೆಲ್ಲ ಬರುವ ಪಾಲು. ಗೀತರಚನೆಕಾರರು, ಸಂಯೋಜಕರು ಈ ಪಾಲನ್ನು ಸಂಗ್ರಹಿಸಿ ಹಂಚುವ, 1969ರಲ್ಲಿ ಹುಟ್ಟಿದ ಭಾರತದ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಬಹುದು. ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಬೇಕು. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರೇ ಸಾಮಾನ್ಯವಾಗಿ ಅದನ್ನು ಕೊಡುತ್ತಾರೆ.

‘ವೀಸಾ ಇದೆಯಲ್ಲ, ದುಡ್ಡು ತಗೊಂಡು ಹಾಡಬಹುದಲ್ಲ?’ ಎಂದರೆ, ಇಲ್ಲ. ಪರವಾನಗಿ ಬೇಕು. ದುಬೈಯಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವವರಿಗೆ ಕೊಡುವ ಗೋಫ್ರೀಲಾನ್ಸ್ ಪರವಾನಗಿಯ ಶುಲ್ಕ ವರ್ಷಕ್ಕೆ 7,500 ದಿರ್ಹಮ್, ವೀಸಾ ಖರ್ಚು ಬೇರೆ. ಕಟ್ಟುವ ಮುನ್ನ ನಿಮ್ಮ ಕೆಲಸ ಅವರ ಪಟ್ಟಿಯಲ್ಲಿದೆಯೇ ನೋಡಿ. ಕಂಪನಿ ವೀಸಾದಲ್ಲಿದ್ದರೆ ಎನ್‌ಒಸಿ, ಅಂದರೆ ಕಂಪನಿಯ ನಿರಾಕ್ಷೇಪಣಾ ಪತ್ರದ ಬಗ್ಗೆಯೂ ವಿಚಾರಿಸಿ. ಸಾರ್ವಜನಿಕ ಕಾರ್ಯಕ್ರಮದ ಅನುಮತಿಯನ್ನು ಆಯೋಜಕರು ಪಡೆಯಬೇಕು. ಅದರಲ್ಲಿ ನಿಮ್ಮ ಹೆಸರಿದೆಯೇ ಎಂದು ಪ್ರತಿ ತರಿಸಿ ಓದಿಕೊಳ್ಳಿ.

ಸ್ಟುಡಿಯೋ ಬಿಡುವಾಗ ಸ್ಟೆಮ್ಸ್ ಕೇಳಿ ಪಡೆಯಿರಿ. ಪ್ರತಿ ವಾದ್ಯದ, ಪ್ರತಿ ದನಿಯ ಬೇರೆ ಬೇರೆ ಫೈಲುಗಳು ಅವು. ದನಿ ತೆಗೆದರೆ ಮುಂದಿನ ನವೆಂಬರ್ 1ಕ್ಕೆ ವೇದಿಕೆಯ ಟ್ರ್ಯಾಕ್ ಕೈಯಲ್ಲೇ ಇರುತ್ತದೆ.