ಅಂಗಡಿ ತೆರೆದಿರಲಿ, ಗಮನ ಚದುರದಿರಲಿ

ವಸಂತಪುರ ಮುಖ್ಯರಸ್ತೆಯಲ್ಲಿ ಒಂದು ಸಣ್ಣ ಟೈಲರಿಂಗ್ ಅಂಗಡಿ ಇದೆ ಎಂದುಕೊಳ್ಳಿ. ಮಾಲಕರು ಬಟ್ಟೆಯ ಮೇಲೆ ಗುರುತು ಹಾಕಿ ಕತ್ತರಿ ಹಿಡಿದಿದ್ದಾರೆ. ಅಷ್ಟರಲ್ಲಿ ಫೋನ್ ಬರುತ್ತದೆ. ಫೋನ್ ಇಡುವಷ್ಟರಲ್ಲಿ ಲೈನಿಂಗ್ ಬಟ್ಟೆ ಕೊಟ್ಟವರು ಬಾಕಿ ಕೇಳಲು ನಿಂತಿದ್ದಾರೆ. ಅವರನ್ನು ಕಳಿಸಿ ಮತ್ತೆ ಕತ್ತರಿ ಹಿಡಿದರೆ, ತೋಳಿನ ಅಳತೆ ಹದಿನಾಲ್ಕೋ ಹದಿನೈದೋ ಎಂಬ ಸಂಶಯ. ರಾತ್ರಿ ಮನೆಗೆ ಬಂದಾಗ ತಲೆನೋವು, ಮಕ್ಕಳ ಮೇಲೆ ಸಿಡುಕು. ದಿನವಿಡೀ ದುಡಿದರೂ ಕೆಲಸ ಮುಗಿದಿಲ್ಲ.

ದಣಿವು ಎಲ್ಲಿಂದ?

ಫೋನಿನಲ್ಲಿ ಮಾತನಾಡಿದ್ದು ಎರಡೇ ನಿಮಿಷ ಇರಬಹುದು. ಆದರೆ ಬಿಟ್ಟ ಕೆಲಸಕ್ಕೆ ಮನಸ್ಸು ಮರಳಲು ಇನ್ನಷ್ಟು ಹೊತ್ತು ಬೇಕು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಅದಕ್ಕೂ ಮುಂಚೆ, 2008ರಲ್ಲಿ, ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಅಡ್ಡಿಗೊಳಗಾದವರು ಕೆಲಸವನ್ನು ಇನ್ನೂ ಬೇಗ ಮುಗಿಸಿದ್ದರು. ಆದರೆ ಅವರಲ್ಲಿ ಒತ್ತಡ, ಕಿರಿಕಿರಿ, ಅವಸರ ಹೆಚ್ಚಾಗಿದ್ದವು. ಅಂದರೆ, ಕಳೆದುಹೋದ ಹೊತ್ತನ್ನು ನಾವು ದೇಹದಿಂದ ತುಂಬಿಕೊಡುತ್ತೇವೆ.

ತಪ್ಪುಗಳೂ ಹೆಚ್ಚುತ್ತವೆ. ಆಸ್ಟ್ರೇಲಿಯದ ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿ ಕೊಡುವಾಗ ನರ್ಸ್‌ಗಳಿಗೆ ಅಡ್ಡಿ ಹೆಚ್ಚಾದಷ್ಟೂ ತಪ್ಪು ಹೆಚ್ಚಾಗಿದ್ದುದು ಕಂಡುಬಂತು. ಮೆಡಿಕಲ್ ಶಾಪ್ ನಡೆಸುವವರು ಇದನ್ನು ನೆನಪಿಡಬೇಕು.

ಗ್ರಾಹಕರು ಅಡ್ಡಿಯಲ್ಲ

ಅಂಗಡಿಯವರು ಕಚೇರಿಯವರಂತೆ ಬಾಗಿಲು ಹಾಕಿ ಕೂರಲಾಗದು. ಗ್ರಾಹಕರಿಂದಲೇ ಹೊಟ್ಟೆಪಾಡು. ಆದ್ದರಿಂದ ಅಡ್ಡಿಗಳನ್ನು ಬೇರ್ಪಡಿಸಿ ನೋಡಿ. ಗ್ರಾಹಕರು ಬಂದಾಗ ಏಳಲೇಬೇಕು. ಸರಕಿನವರು, ಸೇಲ್ಸ್‌ನವರು, ಬಾಕಿಯ ಲೆಕ್ಕ ಇವಕ್ಕೆ ಸಮಯ ಗೊತ್ತುಮಾಡಬಹುದು. ಉಳಿದದ್ದು ನಾವೇ ತಂದುಕೊಂಡದ್ದು, ಅಂದರೆ ಮೊಬೈಲ್.

* ಸರಕಿನವರಿಗೆ "ಮೂರರ ನಂತರ ಬನ್ನಿ" ಎಂದು ಹೇಳಿಡಿ. ಬೇಸರಿಸಿಕೊಳ್ಳುತ್ತಾರೆಂಬ ಅಂಜಿಕೆ ಬೇಡ. ಜುಮುಅ ನಮಾಝ್‌ಗೆ ಅಂಗಡಿ ಮುಚ್ಚಿದಾಗ ಗ್ರಾಹಕರೇ ಹೊತ್ತು ನೋಡಿ ಮರಳಿ ಬರುತ್ತಾರಲ್ಲವೇ? ಸಮಯ ಮೊದಲೇ ಗೊತ್ತಿದ್ದರೆ ಜನ ಹೊಂದಿಕೊಳ್ಳುತ್ತಾರೆ.
* ಬೆಳಿಗ್ಗೆ ಜನಸಂದಣಿಗೆ ಮುಂಚಿನ ಒಂದು ಗಂಟೆಯನ್ನು ಗಮನ ಬೇಡುವ ಕೆಲಸಕ್ಕೆ ಇಡಿ. ಪ್ರತಿ ತಿಂಗಳು ಜಿಎಸ್‌ಟಿ ಸಲ್ಲಿಸುವವರು 20ನೇ ತಾರೀಕಿನ ರಾತ್ರಿವರೆಗೆ ಲೆಕ್ಕ ಎಳೆದರೆ ನಿದ್ದೆಯೂ ಹೋಗುತ್ತದೆ.
* ಎದ್ದು ಹೋಗುವ ಮುಂಚೆ ಎಲ್ಲಿ ನಿಲ್ಲಿಸಿದಿರೆಂದು ಒಂದು ಸಾಲು ಬರೆಯಿರಿ: "ಎಡ ತೋಳು, ಹದಿನಾಲ್ಕೂವರೆ". ಮರಳಿದಾಗ ಹುಡುಕಬೇಕಾಗಿಲ್ಲ.
* ವಾಟ್ಸ್‌ಆ್ಯಪ್ ಗುಂಪುಗಳ ಸದ್ದು ನಿಲ್ಲಿಸಿ. ಫೋನನ್ನು ಮುಟ್ಟದಿದ್ದರೂ ಸಂದೇಶ ಬಂದ ಸದ್ದಿಗೇ ಗಮನ ಕೆಡುತ್ತದೆಂದು 2015ರ ಒಂದು ಅಧ್ಯಯನ ತೋರಿಸಿದೆ. ಮನೆಯವರ ಕರೆ ಮಾತ್ರ ಕೇಳುವಂತಿರಲಿ.
* ಕತ್ತರಿ, ಯಂತ್ರ, ಔಷಧಿ, ಹಣದ ಎಣಿಕೆ ಕೈಯಲ್ಲಿದ್ದಾಗ "ಎರಡು ನಿಮಿಷ ಕೂತಿರಿ, ಮುಗಿಸಿ ಬರ್ತೀನಿ" ಎನ್ನಿ. ಔಷಧಿ ತೆಗೆಯುವಾಗ ಮಾತು ನಡುವೆ ಬಂದರೆ ಚೀಟಿಯನ್ನು ಮೊದಲಿನಿಂದ ಓದಿ.

ಮನೆಯಲ್ಲೇ ಹೊಲಿಗೆ, ಅಡುಗೆ ಆರ್ಡರ್ ಮಾಡುವ ಸಹೋದರಿಯರಿಗೆ ಅಡ್ಡಿ ಇನ್ನೂ ಹೆಚ್ಚು. "ಮನೆಯಲ್ಲೇ ಇದ್ದಾಳಲ್ಲ" ಎಂದು ಎಲ್ಲರೂ ಕರೆಯುತ್ತಾರೆ. ಅವರ ಒಂದು ಗಂಟೆಯನ್ನು ಕಾಯುವುದು ಮನೆಯವರೆಲ್ಲರ ಕೆಲಸ.

ಊಟ ಮುಂದೂಡಬೇಡಿ

ಅಡ್ಡಿಗಳ ನಡುವೆ ಮೊದಲು ತಪ್ಪುವುದು ಊಟ, ನೀರು, ಮೂತ್ರ ವಿಸರ್ಜನೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟ ತಡಮಾಡಿದರೆ ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೈ ನಡುಕ, ಬೆವರು, ತಲೆಸುತ್ತು ಅದರ ಸೂಚನೆಗಳು. ಅಂಥವರು ಗಲ್ಲಾಪೆಟ್ಟಿಗೆಯ ಬಳಿ ಸ್ವಲ್ಪ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಇಟ್ಟುಕೊಳ್ಳಿ. ಊಟದ ಹೊತ್ತನ್ನು ಅಂಗಡಿ ಹುಡುಗನಿಗೂ ತಿಳಿಸಿಡಿ.

ಒಂದು ವಾರ ಹೀಗೆ ಮಾಡಿ: ಅಡ್ಡಿಯಾದಾಗಲೆಲ್ಲ ಬಿಲ್ ಪುಸ್ತಕದ ಹಿಂದೆ ಒಂದು ಗೆರೆ ಎಳೆಯಿರಿ. ಗ್ರಾಹಕರಿಗೆ ಒಂದು ಸಾಲು, ಸರಕಿನವರಿಗೆ ಒಂದು, ಮೊಬೈಲಿಗೆ ಒಂದು. ಯಾವ ಸಾಲು ಉದ್ದವಾಗಿದೆಯೋ ಅಲ್ಲಿಂದಲೇ ಬದಲಾವಣೆ ಆರಂಭಿಸಿ.